ವರ್ಷಕ್ಕೊಂದೇ ಮೊಟ್ಟೆಯಿಡುವ ರಣಹದ್ದು



ರಣಹದ್ದು ಬೇಟೆಗಾರ ಹಕ್ಕಿಯಲ್ಲ; ಸತ್ತ ಪ್ರಾಣಿಗಳನ್ನು ತಿಂದು ಊರು-ಕಾಡುಗಳನ್ನು ಶುಚಿಗೊಳಿಸುವ ಹಕ್ಕಿ. ರಾಮನಗರದ ರಾಮದೇವರ ಬೆಟ್ಟದ ಕಡಿದಾದ ಬಂಡೆಗಳಲ್ಲಿ ಗೂಡು ಕಟ್ಟುವ ಉದ್ದಕೊಕ್ಕಿನ ರಣಹದ್ದು, ಮೇಲೇರುವ ಬಿಸಿಗಾಳಿಯ ಆಸರೆಯಲ್ಲಿ ರೆಕ್ಕೆ ಬಡಿಯದೆ ಬಹುದೂರ ತೇಲಬಲ್ಲದು. ಅದು ಕಳೇಬರವನ್ನು ಪತ್ತೆಹಚ್ಚುವುದು ವಾಸನೆಯಿಂದಲ್ಲ, ಕಣ್ಣಿನಿಂದ. ಒಂದು ಹಕ್ಕಿ ಕೆಳಗಿಳಿದರೆ, ದೂರದಲ್ಲಿ ಹಾರುತ್ತಿರುವ ಉಳಿದವೂ ಕಂಡು ಬಂದು ಸೇರುತ್ತವೆ.

ಕೂಡಿ ಉಣ್ಣುವ ಈ ಸ್ವಭಾವವೇ ಅದಕ್ಕೆ ಮುಳುವಾಯಿತು. ದನಗಳ ನೋವು ನಿವಾರಣೆಗೆ ಕೊಡುತ್ತಿದ್ದ ಡೈಕ್ಲೊಫೆನಾಕ್ ಔಷಧವು ಕಳೇಬರದಲ್ಲಿ ಉಳಿದು, ಅದನ್ನು ತಿಂದ ರಣಹದ್ದುಗಳ ಮೂತ್ರಪಿಂಡಗಳನ್ನು ಕೆಡಿಸಿತು. ಒಂದೇ ಕಳೇಬರಕ್ಕೆ ಹಲವು ಹಕ್ಕಿಗಳು ಬಲಿಯಾದವು. 1990ರ ದಶಕದಿಂದ 2007ರೊಳಗೆ ಭಾರತದ ಈ ರಣಹದ್ದುಗಳಲ್ಲಿ ಶೇಕಡಾ 90ಕ್ಕೂ ಹೆಚ್ಚು ಅಳಿದುಹೋದವು.

ಜಾನುವಾರುಗಳಿಗೆ ಈ ಔಷಧ ಕೊಡುವುದನ್ನು ಸರ್ಕಾರ 2006ರಲ್ಲಿ ನಿಷೇಧಿಸಿತು. 2012ರಲ್ಲಿ ರಾಮದೇವರ ಬೆಟ್ಟ ರಣಹದ್ದು ಧಾಮವಾಯಿತು. ಅಂತಹದೇ ಹಾನಿಕರ ಔಷಧಗಳಾದ ಕೀಟೊಪ್ರೊಫೆನ್, ಅಸೆಕ್ಲೊಫೆನಾಕ್ 2023ರಲ್ಲಿ ನಿಷೇಧಗೊಂಡವು. ಆದರೆ ಒಂದು ಜೋಡಿ ವರ್ಷಕ್ಕೆ ಇಡುವುದು ಒಂದೇ ಮೊಟ್ಟೆ. ಮರಿ ಪ್ರಾಯಕ್ಕೆ ಬರಲು ಸುಮಾರು ಐದು ವರ್ಷ ಬೇಕು. ಆದ್ದರಿಂದ ಕಾನೂನು ಬಂದೊಡನೆ ಹಕ್ಕಿ ಮರಳುವುದಿಲ್ಲ.

ದನಕ್ಕೆ ಮದ್ದು ಕೊಡಿಸುವಾಗ, ರಣಹದ್ದಿಗೆ ಅಪಾಯವಿಲ್ಲದ ಮೆಲಾಕ್ಸಿಕಾಮನ್ನು ಕೊಡಬಹುದೇ ಎಂದು ಪಶುವೈದ್ಯರನ್ನು ಕೇಳಿರಿ. ಬಂಡೆಯ ಮೇಲಿನ ಆ ಒಂದು ಮೊಟ್ಟೆಯ ಭವಿಷ್ಯ ಕೊಟ್ಟಿಗೆಯಲ್ಲಿ ನಿರ್ಧಾರವಾಗುತ್ತದೆ.