ಕೋವಿಡ್ ಬ್ಲಡ್ ರಿಪೋರ್ಟು: ದಪ್ಪಕ್ಷರದ ಅಂಕಿ ನೋಡಿ ಗಾಬರಿ ಬೇಡ

ನೀವು ಪುಣೆಯಲ್ಲೋ ಹೈದರಾಬಾದಿನಲ್ಲೋ ಇರ್ತೀರಿ. ಊರಲ್ಲಿ ಅಪ್ಪನಿಗೆ ಕೋವಿಡ್. ಲ್ಯಾಬ್ ರಿಪೋರ್ಟು ವಾಟ್ಸ್ಆ್ಯಪ್‌ನಲ್ಲಿ ಬರುತ್ತೆ, ಅದರಲ್ಲಿ ನಾಲ್ಕು ಅಂಕಿ ದಪ್ಪಕ್ಷರದಲ್ಲಿ. ಆ ಅಂಕಿಗಳನ್ನ ಹೇಗೆ ಓದಬೇಕು ಅನ್ನೋದೇ ಇವತ್ತಿನ ಮಾತು.

ಮೊದಲು ಒಂದು ವಿಷಯ. ಕೋವಿಡ್ ಇದೆಯೋ ಇಲ್ಲವೋ ಅಂತ ಈ ಪರೀಕ್ಷೆಗಳು ಹೇಳಲ್ಲ. ಅದಕ್ಕೆ ಆರ್‌ಟಿ-ಪಿಸಿಆರ್ ಇದೆ. ಸೋಂಕಿಗೆ ದೇಹ ಹೇಗೆ ಸ್ಪಂದಿಸ್ತಿದೆ ಅನ್ನೋದರ ಸುಳಿವು ಮಾತ್ರ ಇಲ್ಲಿ ಸಿಗೋದು.

ಸಿಬಿಸಿಯಲ್ಲಿ ನೋಡಬೇಕಾದದ್ದು ಲಿಂಫೋಸೈಟ್. ವೈರಸ್ ವಿರುದ್ಧ ಹೋರಾಡುವ ಬಿಳಿ ರಕ್ತಕಣ ಇದು. ಕೋವಿಡ್‌ನಲ್ಲಿ ಇದು ಇಳಿಯುತ್ತೆ. 2020ರಲ್ಲಿ ಪ್ರಕಟವಾದ ಚೀನಾದ 1,099 ರೋಗಿಗಳ ಅಧ್ಯಯನದಲ್ಲಿ, ದಾಖಲಾಗುವಾಗಲೇ ಶೇ. 83ರಷ್ಟು ಜನರಲ್ಲಿ ಲಿಂಫೋಸೈಟ್ ಕಡಿಮೆ ಇತ್ತು. ಆದರೆ ಶೇಕಡಾವಾರು ಮಾತ್ರ ನೋಡಬೇಡಿ. ಒಟ್ಟು ಬಿಳಿ ಕಣ 9,000 ಇದ್ದು ಲಿಂಫೋಸೈಟ್ ಶೇ. 20 ಅಂದ್ರೆ 1,800, ಚಿಂತೆಯಿಲ್ಲ. ಒಟ್ಟು 4,000 ಇದ್ದಾಗ ಅದೇ ಶೇ. 20 ಅಂದ್ರೆ 800. ಇದು ಕಡಿಮೆ.

ಸಿಆರ್‌ಪಿ ಉರಿಯೂತದ ಗುರುತು. ಬ್ಯಾಕ್ಟೀರಿಯಾ ಸೋಂಕಿನಲ್ಲೂ ಏರುತ್ತೆ. ಡಿ-ಡೈಮರ್ ರಕ್ತ ಹೆಪ್ಪುಗಟ್ಟಿ ಕರಗುವಾಗ ಹುಟ್ಟುವ ತುಣುಕು. ವಯಸ್ಸಾದಂತೆ, ಗರ್ಭಿಣಿಯರಲ್ಲಿ, ಆಪರೇಷನ್ ಆದವರಲ್ಲಿ ಕೋವಿಡ್ ಇಲ್ಲದೆಯೂ ಹೆಚ್ಚಿರಬಹುದು. ಯೂನಿಟ್ ಕೂಡ ನೋಡಿ: ಒಂದು ಲ್ಯಾಬಿನ 0.5, ಇನ್ನೊಂದರ 500 ಎರಡೂ ಒಂದೇ ಆಗಿರಬಹುದು. ಇಲ್ಲಾಂದ್ರೆ ಒಂದೇ ರಾತ್ರಿಯಲ್ಲಿ ಸಾವಿರ ಪಟ್ಟು ಏರಿತು ಅಂತ ಎದೆ ಒಡೆದುಕೊಳ್ತೀರಿ!

ಈಗ ಮುಖ್ಯವಾದ ಮಾತು. ಸಿಆರ್‌ಪಿ ಏರಿತು ಅಂತ ಮನೆಯಲ್ಲೇ ಸ್ಟೀರಾಯ್ಡ್ ಶುರು ಮಾಡಿಸಬೇಡಿ. 2020ರಲ್ಲಿ ಬ್ರಿಟನ್ನಿನ ರಿಕವರಿ ಟ್ರಯಲ್‌ನಲ್ಲಿ ಡೆಕ್ಸಾಮೆಥಾಸೋನ್ ಜೀವ ಉಳಿಸಿದ್ದು ಆಕ್ಸಿಜನ್ ಅಥವಾ ವೆಂಟಿಲೇಟರ್ ಮೇಲಿದ್ದವರಲ್ಲಿ. ಆಕ್ಸಿಜನ್ ಬೇಕಿಲ್ಲದವರಿಗೆ ಲಾಭ ಕಾಣಲಿಲ್ಲ. ಮೇಲಾಗಿ ಸ್ಟೀರಾಯ್ಡ್ ಶುಗರ್ ಏರಿಸುತ್ತೆ, ಬಿಳಿ ಕಣಗಳ ಲೆಕ್ಕವನ್ನೂ ಬದಲಿಸುತ್ತೆ. ಆಮೇಲೆ ಬರುವ ರಿಪೋರ್ಟಿನಲ್ಲಿ ಯಾವುದು ರೋಗದ್ದು, ಯಾವುದು ಔಷಧಿಯದ್ದು ಅಂತ ಬೇರ್ಪಡಿಸೋದೇ ಕಷ್ಟ.

ಹಾಗಾದ್ರೆ ದೂರದಿಂದ ನೀವೇನು ಮಾಡಬಹುದು? ಒಂದು ಹಾಳೆ ಮಾಡಿ. ಜ್ವರ ಶುರುವಾದ ದಿನ ಒಂದನೇ ದಿನ. ಪ್ರತಿದಿನದ ಜ್ವರ, ಆಕ್ಸಿಜನ್ ಮಟ್ಟ ಬರೆಯಿರಿ. ಡಾಕ್ಟರ್ ಪರೀಕ್ಷೆ ಮತ್ತೆ ಹೇಳಿದ್ರೆ ಸಾಧ್ಯವಾದಷ್ಟು ಅದೇ ಲ್ಯಾಬಿನಲ್ಲಿ ಮಾಡಿಸಿ, ಅಂಕಿಗಳನ್ನ ಪಕ್ಕಪಕ್ಕ ಬರೆಯಿರಿ. ಒಂದು ದಿನದ ಅಂಕಿಗಿಂತ ಅದು ಏರ್ತಿದೆಯೋ ಇಳೀತಿದೆಯೋ ಅನ್ನೋದು ಡಾಕ್ಟರಿಗೆ ಹೆಚ್ಚು ಉಪಯೋಗ.

ಆಕ್ಸಿಜನ್ 94ಕ್ಕಿಂತ ಕೆಳಗಿಳಿದರೆ, ಉಸಿರಾಟ ಕಷ್ಟವಾದರೆ, ಮಾತು ತಡವರಿಸಿದರೆ, ರಿಪೋರ್ಟಿಗೆ ಕಾಯಬೇಡಿ. ರಿಪೋರ್ಟು ನಾರ್ಮಲ್ ಇದ್ರೂ ಸರಿ, ಆಸ್ಪತ್ರೆಗೆ ಕರಕೊಂಡು ಹೋಗೋಕೆ ಹೇಳಿ. ಪಕ್ಕದ ಮನೆಯವರ ನಂಬರು ಇವತ್ತೇ ಸೇವ್ ಮಾಡ್ಕೊಳ್ಳಿ.

ಮನೆಯವರಿಗೆಲ್ಲ ಆರೋಗ್ಯ ಇರಲಿ.