ಆಣೆ ಹಾಕಿಸುವ ಮೊದಲು
(ವಿದ್ಯಾರ್ಥಿ ನಿಲಯದ ಸಭೆಯೊಂದರಲ್ಲಿ ಆಡಿದ ಮಾತು)



ಕವಿತೆ ಓದು ಅಂತ ಕರೆದಿರಿ. ಇವತ್ತು ಓದಲ್ಲ. ನಮ್ಮ ದೊಡ್ಡಪ್ಪನ ವಿಷಯ ಹೇಳ್ತೀನಿ.

ನಾನು ಡಿಗ್ರಿ ಕೊನೇ ವರ್ಷದಲ್ಲಿದ್ದಾಗ ಒಂದು ಏಪ್ರಿಲ್ 14ರಂದು ಅವನನ್ನ ಬಾಬಾಸಾಹೇಬರ ಫೋಟೋ ಮುಂದೆ ನಿಲ್ಲಿಸಿ, ಇನ್ನು ಕುಡಿಯಲ್ಲ ಅಂತ ಆಣೆ ಹಾಕಿಸಿದೆ. ಇಪ್ಪತ್ತು ವರ್ಷ ದಿನಾ ಕುಡಿದ ಮೈ ಅದು. 2007ರಲ್ಲಿ ಸರ್ಕಾರ ಸಾರಾಯಿ ನಿಲ್ಲಿಸಿದಾಗ ಅವನು ಅಗ್ಗದ ವಿಸ್ಕಿ ಪ್ಯಾಕೆಟ್ಟಿಗೆ ಬದಲಾದ, ಅಷ್ಟೆ. ಆದರೆ ಈ ಸಲ ಮಾತು ಉಳಿಸಿಕೊಂಡ. ಮಾರನೇ ಬೆಳಿಗ್ಗೆ ಟೀ ಲೋಟ ಹಿಡಿಯಕ್ಕಾಗದಷ್ಟು ನಡುಕ, ಬೆವರು, ವಾಂತಿ. ರಾತ್ರಿ ಫಿಟ್ಸ್ ಬಂತು. ಕೈಗೆ ಕಬ್ಬಿಣ ಹಿಡಿಸಿದೆವು. ಮೂರನೇ ದಿನ ಗೋಡೆ ತುಂಬ ಇರುವೆ ಅಂತ ಬರಿಗೈಲಿ ಒರೆಸತೊಡಗಿದ. ಗಾಳಿ ಸೋಕಿದೆ ಅಂದರು ಕೇರಿಯವರು. ಮಂಚಕ್ಕೆ ಹಗ್ಗದಲ್ಲಿ ಕಟ್ಟಿದೆವು. ಕಟ್ಟಿದವರಲ್ಲಿ ನಾನೂ ಒಬ್ಬ, ಬಿ.ಎ. ಓದುತ್ತಿದ್ದವನು.

ಗಾಳಿಯಲ್ಲ ಅದು. ಹೆಂಡ ಮಿದುಳನ್ನ ಮಂದ ಮಾಡುತ್ತೆ. ದಿನಾ ಕುಡಿಯೋನ ಮಿದುಳು ಅದಕ್ಕೆ ಎದುರಾಗಿ ಸದಾ ಕೆರಳಿಕೊಂಡೇ ಇರೋದು ಕಲಿಯುತ್ತೆ. ಹೆಂಡ ಒಮ್ಮೆಗೇ ನಿಂತರೆ ಕೆರಳಿಕೆ ಮಾತ್ರ ಉಳೀತದೆ. ನಡುಕ ಆರೆಂಟು ಗಂಟೆಯಲ್ಲೇ ಶುರು. ಫಿಟ್ಸ್ ಬಂದರೆ ಹೆಚ್ಚಾಗಿ ಮೊದಲ 48 ಗಂಟೆಯೊಳಗೆ. ಎರಡರಿಂದ ನಾಲ್ಕನೇ ದಿನದಲ್ಲಿ ಸನ್ನಿ. ಡಾಕ್ಟರು ಡೆಲಿರಿಯಂ ಟ್ರೆಮೆನ್ಸ್ ಅಂತಾರೆ. ಎಲ್ಲರಿಗೂ ಬರಲ್ಲ. ಬಂದು, ಆರೈಕೆ ಸಿಗದಿದ್ದರೆ ಜೀವ ಹೋಗಬಹುದು.

ಮೊದಲು ಹೋದ ಆಸ್ಪತ್ರೆಯಲ್ಲಿ 'ಕುಡುಕ' ಅಂದು ಮೂಲೆಗೆ ಹಾಕಿದರು. ಯಾರೂ ಮುಟ್ಟಲಿಲ್ಲ. ಎರಡನೆಯದರಲ್ಲಿ ರಾತ್ರಿ ಪಾಳಿಯ ಸಿಸ್ಟರ್ ಮೊದಲು ಮಾಡಿದ ಕೆಲಸ ಹಗ್ಗ ಬಿಚ್ಚಿದ್ದು. ಕಟ್ಟಿದಷ್ಟೂ ಹೆದರಿ ಕೊಸರಾಡ್ತಾನೆ ಅಂದರು. ಗಲಾಟೆ ಇಲ್ಲದ ಕಡೆ ಹಾಸಿಗೆ ಹಾಕಿಸಿ ದೀಪ ಉರಿಯಲು ಬಿಟ್ಟರು. ಕತ್ತಲಲ್ಲಿ ನೆರಳೆಲ್ಲ ಹಾವಾಗುತ್ತಂತೆ. ಬಂದಾಗಲೆಲ್ಲ, "ಯಜಮಾನ್ರೇ, ಇದು ಆಸ್ಪತ್ರೆ. ಈಗ ಬೆಳಗಿನ ಜಾವ. ನಿಮ್ಮ ಮಗ ಇಲ್ಲೇ ಕೂತವ್ನೆ" ಅನ್ನೋರು. ಇರುವೆ ಇದೆ ಅನ್ನಲಿಲ್ಲ, ಸುಳ್ಳು ಅಂತ ಜಗಳಕ್ಕೂ ಹೋಗಲಿಲ್ಲ. ನಾಡಿ, ಬಿ.ಪಿ., ಜ್ವರ, ಕೈನಡುಕ ನೋಡಿ ನೋಡಿ ಬರೆದುಕೊಂಡರು; ಅದರ ಮೇಲೆ ಡಾಕ್ಟರು ಡಯಾಜೆಪಾಂ ಏರಿಸಿದರು, ಇಳಿಸಿದರು. ಔಷಧಿ ಹೆಚ್ಚಾದರೆ ಉಸಿರು ಕುಗ್ಗುತ್ತೆ, ಹಾಗಾಗಿ ಉಸಿರನ್ನೂ ಎಣಿಸೋರು.

ಗ್ಲೂಕೋಸ್ ಹಾಕ್ಸಿ ಅಂತ ನಾವು ಗಂಟುಬಿದ್ದೆವು. ನಮ್ಮ ಕೇರಿಗೆ ಗ್ಲೂಕೋಸೇ ದೊಡ್ಡ ದೇವರು! ಸಿಸ್ಟರ್ ಮೊದಲು ಥಯಮಿನ್ ಸೂಜಿ ಹಾಕಿದರು, ಅಂದರೆ ಬಿ1 ಜೀವಸತ್ವ. ಊಟ ಬಿಟ್ಟು ಕುಡಿದವನ ಮೈಯಲ್ಲಿ ಅದು ಬರಿದಾಗಿರುತ್ತೆ. ಅದಿಲ್ಲದೆ ಗ್ಲೂಕೋಸ್ ಏರಿಸಿದರೆ ಮಿದುಳಿಗೆ ಪೆಟ್ಟು, ನೆನಪೇ ಹೋಗಬಹುದು.

ಒದ್ದೆ ಬಟ್ಟೆ ಬದಲಿಸಿ ಮೈ ಒರೆಸಿದ್ದೂ ಅವರೇ. ಊರ ಹೋಟೆಲಲ್ಲಿ ಬೇರೆ ಲೋಟದಲ್ಲಿ ಟೀ ಕುಡಿದು ಬೆಳೆದ ಮೈ ಅದು.

ಆರನೇ ದಿನ ದೊಡ್ಡಪ್ಪ ನನ್ನ ಗುರುತು ಹಿಡಿದ. ಮಣಿಕಟ್ಟಿನ ಕಲೆ ನೋಡಿಕೊಂಡು "ಯಾರ್ ಮಗಾ ಕಟ್ಟಿದ್ದು?" ಅಂದ. ನಾನೇ ಅಂದೆ.

ಕುಡಿತ ಬಿಡಿ ಅಂತ ನಾವು ಕೂಗೋದು ಸರಿಯೇ. ಆದರೆ ಆಣೆಗೆ ಮೊದಲು ಕೇಳಿ: ದಿನಾ ಕುಡೀತಾರಾ? ಬೆಳಿಗ್ಗೆ ಎದ್ದರೆ ಕೈ ನಡುಗುತ್ತಾ? ಹಿಂದೆ ಬಿಟ್ಟಾಗ ಫಿಟ್ಸ್ ಬಂದಿತ್ತಾ? ಹೌದು ಅಂದರೆ ಮನೇಲೇ ಒಮ್ಮೆಗೆ ಬಿಡಿಸಬೇಡಿ, ಆಸ್ಪತ್ರೆಗೆ ಕರೆದೊಯ್ಯಿರಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೇ ವಿಭಾಗ ಇದೆ. ಫಿಟ್ಸ್ ಬಂದರೆ ಒಂದು ಮಗ್ಗುಲಿಗೆ ಮಲಗಿಸಿ. ಕಬ್ಬಿಣ, ಚಮಚ, ನೀರು ಏನೂ ಬೇಡ.

ಭಾನುವಾರ ಪಕ್ಕದ ಕೇರಿಗೆ ಹೋಗ್ತಿದ್ದೀವಿ. ಈ ಸಲ ಆಣೆ ಹಾಕಿಸೋಕಲ್ಲ, ಈ ಮೂರು ಮಾತು ಕೇಳೋಕೆ. ಬರೋರು ಹೆಸರು ಕೊಡಿ.