ನಾರುವ ಮರದ ತೊಗಟೆಯೊಳಗಿನ ಮದ್ದು



ಪಶ್ಚಿಮಘಟ್ಟದ ಕಾಡುಗಳಲ್ಲಿ ಹೆಮ್ಮರಗಳ ನೆರಳಿನಡಿ ಬೆಳೆಯುವ ಒಂದು ಸಣ್ಣ ಮರವಿದೆ. ಹೂ ಬಿಟ್ಟಾಗ ಅದರ ಬಳಿ ನಿಲ್ಲುವುದು ಕಷ್ಟ, ಅಷ್ಟು ದುರ್ವಾಸನೆ. ಮರಾಠಿಯಲ್ಲಿ ಅದು ನರಕ್ಯಾ. ಸಸ್ಯಶಾಸ್ತ್ರಜ್ಞರು ಹಿಂದೆ ಅದನ್ನು ಮ್ಯಾಪಿಯ ಫೀಟಿಡ ಎಂದು ಕರೆಯುತ್ತಿದ್ದರು. ಫೀಟಿಡ ಎಂದರೆ ನಾರುವಂಥದ್ದು. ಈಗಿನ ಹೆಸರು ನೊಥಾಪೊಡೈಟಿಸ್ ನಿಮ್ಮೋನಿಯಾನ. ನಾಟಾಕ್ಕೆಂದು ಯಾರೂ ಗಣಿಸದ ಈ ಮರಕ್ಕೆ ಕೊಡಲಿ ಬಿದ್ದದ್ದು ಅದರ ತೊಗಟೆಯೊಳಗಿನ ಒಂದು ರಾಸಾಯನಿಕದಿಂದ.

ಆ ವಸ್ತುವಿನ ಹೆಸರು ಕ್ಯಾಂಪ್ಟೋಥೆಸಿನ್. 1966ರಲ್ಲಿ ಅಮೆರಿಕದ ಮನ್ರೋ ವಾಲ್ ಮತ್ತು ಭಾರತದಲ್ಲಿ ಹುಟ್ಟಿ ಬೆಳೆದ ಮನ್‌ಸುಖ್ ವಾಣಿ ಇದನ್ನು ಚೀನಾದ ಬೇರೊಂದು ಮರದಿಂದ ಬೇರ್ಪಡಿಸಿದ್ದರು. 1972ರಲ್ಲಿ ಟಿ. ಆರ್. ಗೋವಿಂದಾಚಾರಿ ಮತ್ತು ವಿಶ್ವನಾಥನ್ ಅದು ನಮ್ಮ ಘಟ್ಟದ ಮರದಲ್ಲಿಯೂ ಇರುವುದನ್ನು ಕಂಡುಹಿಡಿದರು. ಆದರೆ ಆ ದಶಕದಲ್ಲಿ ರೋಗಿಗಳ ಮೇಲೆ ನಡೆದ ಪ್ರಯೋಗಗಳು ನಿಂತುಹೋದವು. ನೀರಿನಲ್ಲಿ ಕರಗಲೆಂದು ಅದನ್ನು ಲವಣವಾಗಿ ಮಾರ್ಪಡಿಸಿದಾಗ ಸತ್ವ ಕುಂದಿತು, ಮೂತ್ರಕೋಶದಲ್ಲಿ ರಕ್ತಸ್ರಾವದಂಥ ತೊಂದರೆಗಳು ಕಾಣಿಸಿಕೊಂಡವು.

ಅದರ ಕೆಲಸದ ಬಗೆ ತಿಳಿದದ್ದು 1985ರಲ್ಲಿ. ಜೀವಕೋಶದ ಡಿಎನ್‌ಎ ಹುರಿ ಹಾಕಿದ ಎರಡೆಳೆಯ ಹಗ್ಗದಂತಿದೆ. ಕೋಶ ಇಬ್ಭಾಗವಾಗುವ ಮೊದಲು ಹುರಿ ಬಿಚ್ಚಬೇಕು. ಟೋಪೋಐಸೋಮರೇಸ್ ಎಂಬ ಕಿಣ್ವವು ಒಂದು ಎಳೆಯನ್ನು ಕತ್ತರಿಸಿ, ಹುರಿ ಸಡಿಲಿಸಿ, ಮತ್ತೆ ಬೆಸೆಯುತ್ತದೆ. ಕ್ಯಾಂಪ್ಟೋಥೆಸಿನ್ ಆ ಕಿಣ್ವವನ್ನು ಕತ್ತರಿಸಿದ ಸ್ಥಿತಿಯಲ್ಲಿಯೇ ಹಿಡಿದು ನಿಲ್ಲಿಸುತ್ತದೆ. ಬೆಸುಗೆ ಆಗದ ಕೋಶ ಸಾಯುತ್ತದೆ. ಬೇಗಬೇಗ ಒಡೆಯುವ ಕ್ಯಾನ್ಸರ್ ಕೋಶಗಳಿಗೆ ಪೆಟ್ಟು ಹೆಚ್ಚು. ಕರುಳಿನ, ರಕ್ತದ ಆರೋಗ್ಯವಂತ ಕೋಶಗಳಿಗೂ ಅದು ತಪ್ಪಿದ್ದಲ್ಲ. ಆದುದರಿಂದ ಈ ತೊಗಟೆಯ ಕಷಾಯ ಕುಡಿದರೆ ಕ್ಯಾನ್ಸರ್ ವಾಸಿಯಾಗುವುದೆಂದು ಯಾರಾದರೂ ಹೇಳಿದರೆ ನಂಬಲಾಗದು, ಅದು ವಿಷ.

ರಸಾಯನಶಾಸ್ತ್ರಜ್ಞರು ಮೂಲವಸ್ತುವನ್ನು ತಿದ್ದಿ ಟೋಪೋಟೆಕಾನ್, ಇರಿನೋಟೆಕಾನ್ ಎಂಬ ಔಷಧಗಳನ್ನು ಮಾಡಿದರು. 1996ರಲ್ಲಿ ಅಮೆರಿಕದಲ್ಲಿ ಮೊದಲನೆಯದಕ್ಕೆ ಅಂಡಾಶಯದ, ಎರಡನೆಯದಕ್ಕೆ ದೊಡ್ಡ ಕರುಳಿನ ಕ್ಯಾನ್ಸರಿಗೆ ಅನುಮತಿ ದೊರೆಯಿತು. ಬೇಡಿಕೆ ಏರಿತು, ಘಟ್ಟದಲ್ಲಿ ಕಡಿತ ಹೆಚ್ಚಿತು. ನೂರು ಕಿಲೋ ಒಣ ತೊಗಟೆಯಿಂದ ಸಾಮಾನ್ಯವಾಗಿ ಒಂದು ಕಿಲೋ ಸಹ ಸಿಗದು. ಕಾಂಡ ಕಡಿದರೆ ಬುಡದಿಂದ ಚಿಗುರೀತು. ಬೇರಿನಲ್ಲಿಯೂ ಮದ್ದಿನ ಅಂಶವಿರುವುದರಿಂದ ಬೇರನ್ನೂ ಅಗೆಯುತ್ತಾರೆ, ಆಮೇಲೆ ಚಿಗುರುವುದಕ್ಕೆ ಏನೂ ಉಳಿಯದು. ಈ ಜಾತಿಯಲ್ಲಿ ಬಹುಮಟ್ಟಿಗೆ ಗಂಡು ಮರ, ಹೆಣ್ಣು ಮರ ಬೇರೆ ಬೇರೆ. ಒಂದು ಕಾಡಿನಲ್ಲಿ ಗಂಡು ಮರಗಳೆಲ್ಲ ಹೋದರೆ ಉಳಿದ ಹೆಣ್ಣು ಮರಗಳು ಇದ್ದೂ ಇಲ್ಲದಂತೆ.

ಪ್ರಯೋಗಾಲಯದಿಂದಲೂ ಒಂದು ದಾರಿ ತೋರಿದೆ. ಈ ಮರದ ತೊಗಟೆಯೊಳಗೆ ವಾಸಿಸುವ ಶಿಲೀಂಧ್ರವೊಂದು ಸ್ವತಃ ಕ್ಯಾಂಪ್ಟೋಥೆಸಿನ್ ತಯಾರಿಸುತ್ತದೆಂದು 2005ರಲ್ಲಿ ಜಮ್ಮುವಿನ ವಿಜ್ಞಾನಿಗಳು ಪ್ರಕಟಿಸಿದರು. ಮರ ಕಡಿಯದೆ ಮದ್ದು ಪಡೆಯುವ ಆಸೆ ಹುಟ್ಟಿತು. ಆದರೆ ಇಂಥ ಶಿಲೀಂಧ್ರಗಳನ್ನು ಮರದಿಂದ ಹೊರಗೆ ಮತ್ತೆ ಮತ್ತೆ ಬೆಳೆಸುತ್ತ ಹೋದಂತೆ ಆ ಶಕ್ತಿ ಕುಂದುವುದೇ ದೊಡ್ಡ ಅಡ್ಡಿ.

ಜೀವವೈವಿಧ್ಯ ಕಾಯಿದೆ ಬಂದದ್ದು 2002ರಲ್ಲಿ. ಅದರಂತೆ ಪಂಚಾಯಿತಿ ಮಟ್ಟದಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಜನತಾ ಜೀವವೈವಿಧ್ಯ ದಾಖಲೆ ಸಿದ್ಧವಾಗಬೇಕು. ದಾಖಲೆಯಲ್ಲಿ ಮನೆಮದ್ದಿನ ಗಿಡಗಳನ್ನಷ್ಟೇ ಬರೆದರೆ ಈ ಮರ ಬಿಟ್ಟುಹೋಗುತ್ತದೆ, ಏಕೆಂದರೆ ಇದರ ಬೆಲೆ ಗೊತ್ತಾದದ್ದು ಅಜ್ಜಿಯರ ಕಷಾಯದಿಂದಲ್ಲ, ಪ್ರಯೋಗಾಲಯದಿಂದ. ಹೂ ಬಿಡುವ ಕಾಲದಲ್ಲಿ ಶಾಲೆಯ ಮಕ್ಕಳು ಹಿರಿಯರೊಡನೆ ಕಾಡಿಗೆ ಹೋದರೆ ವಾಸನೆಯೇ ಮರದ ಗುರುತು ಹೇಳುತ್ತದೆ. ಗಂಡು ಎಷ್ಟು, ಹೆಣ್ಣು ಎಷ್ಟು, ಬುಡದಲ್ಲಿ ಸಸಿಗಳಿವೆಯೇ ಎಂಬುದನ್ನು ಪ್ರತ್ಯೇಕವಾಗಿ ಬರೆದು ಸಮಿತಿಗೆ ಒಪ್ಪಿಸಬಹುದು.